ಅರ್ಥವಾಗದೆ ತಲೆಯಾಡಿಸಬೇಡಿ

ಜರ್ಮನಿಗೆ ಹೊಸದಾಗಿ ಬಂದಿರುವ ಕನ್ನಡದ ತಂದೆತಾಯಂದಿರೇ,

ನನ್ನ ಮಗನಿಗೆ ಆಗ ಐದು ವರ್ಷ. ಕೆಳದವಡೆಯ ಹುಳುಕು ಹಲ್ಲು ತೋರಿಸಲು ಕರೆದೊಯ್ದಿದ್ದೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಹಲ್ಲು ತುಂಬಿಸಿದ ವೈದ್ಯೆ ಕೊನೆಯಲ್ಲಿ ಏನೋ ಹೇಳಿದರು. ನನಗೆ ತಿಳಿಯಲಿಲ್ಲ. ಹೊರಗೆ ಜನ ಕಾಯುತ್ತಿದ್ದರು, ಮತ್ತೆ ಕೇಳಲು ಸಂಕೋಚ. ‘ಯಾ, ಯಾ’ ಎಂದು ತಲೆಯಾಡಿಸಿ ಬಂದೆ. ಹಸಿವು ಎಂದನೆಂದು ದಾರಿಯಲ್ಲೇ ಬನ್ನು ಕೊಡಿಸಿದೆ. ಮಗು ಮರಗಟ್ಟಿದ್ದ ತುಟಿಯನ್ನೇ ಅಗಿದುಕೊಂಡಿತು. ಸಂಜೆಗೆ ತುಟಿ ಊದಿ ಹಣ್ಣಾಗಿತ್ತು. ಮರಗಟ್ಟಿದ್ದು ಬಿಡುವ ತನಕ ಏನೂ ತಿನ್ನಿಸಬೇಡಿ ಎಂದಷ್ಟೇ ಅವರು ಹೇಳಿದ್ದು.

ಇಲ್ಲಿ ಪಬ್ಲಿಕ್ ಇನ್ಶೂರೆನ್ಸ್ ಇದ್ದರೆ ಆರು ತಿಂಗಳ ಕೂಸಿನಿಂದಲೇ ಹಲ್ಲಿನ ತಪಾಸಣೆ ಉಚಿತ. ಆದರೆ ದುಭಾಷಿಯ ಖರ್ಚನ್ನು ಆ ವಿಮೆ ಸಾಮಾನ್ಯವಾಗಿ ಕೊಡುವುದಿಲ್ಲ. ಹೀಗಾಗಿ ಶಾಲೆಯಲ್ಲಿ ಜರ್ಮನ್ ಕಲಿತ ಮಗುವೇ ಎಷ್ಟೋ ಮನೆಗಳಿಗೆ ದುಭಾಷಿ. ತಮ್ಮನ ಹಲ್ಲು ಕೀಳಬೇಕಂತೆ ಎಂಬ ಸುದ್ದಿಯನ್ನು ಹತ್ತು ವರ್ಷದ ಅಕ್ಕ ಅಪ್ಪ ಅಮ್ಮನಿಗೆ ತಿಳಿಸಬೇಕೇ? ದಯವಿಟ್ಟು ಆ ಭಾರವನ್ನು ಅವಳ ಮೇಲೆ ಹೊರಿಸಬೇಡಿ.

ಸಮಯ ಗೊತ್ತುಮಾಡುವಾಗಲೇ ಇಂಗ್ಲಿಷ್ ಬಲ್ಲವರಿದ್ದಾರೆಯೇ ಎಂದು ಕೇಳಿ. ಮಗುವಿನ ತೂಕ, ಅಲರ್ಜಿ, ಈಗ ಕೊಡುತ್ತಿರುವ ಔಷಧಿ, ನೋವು ಶುರುವಾದ ದಿನ, ಇಷ್ಟನ್ನೂ ಜರ್ಮನ್‌ನಲ್ಲಿ ಬರೆದುಕೊಂಡು, ಬಲ್ಲವರಿಗೆ ತೋರಿಸಿ, ಚೀಟಿ ಒಯ್ಯಿರಿ. ಕ್ಲಿನಿಕ್‌ನಿಂದ ಹೊರಡುವ ಮುನ್ನ, ಮನೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಬರೆಸಿಕೊಳ್ಳಿ.

ಹಲ್ಲಿನ ಸಂಖ್ಯೆಯನ್ನೂ ಕೇಳಿ. ಇಲ್ಲಿನ ವೈದ್ಯರು ಪ್ರತಿ ಹಲ್ಲಿಗೂ ಬರೆಯುವ ಎರಡಂಕಿಯ ಸಂಖ್ಯೆ ನಮ್ಮೂರಿನ ದಂತವೈದ್ಯರಿಗೂ ಗೊತ್ತು. ಮೊದಲ ಅಂಕಿ 5ರಿಂದ 8ರೊಳಗಿದ್ದರೆ ಅದು ಹಾಲುಹಲ್ಲು. 1ರಿಂದ 4ರೊಳಗಿದ್ದರೆ ಶಾಶ್ವತ ಹಲ್ಲು. ಇದು ಸಣ್ಣ ವಿಷಯವಲ್ಲ. ಸುಮಾರು ಆರನೇ ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಮೊದಲ ಶಾಶ್ವತ ದವಡೆಹಲ್ಲು ಹುಟ್ಟುತ್ತದೆ. ಬಿದ್ದುಹೋಗುವ ಹಲ್ಲು ತಾನೇ ಎಂದು ಅದನ್ನು ಕಡೆಗಣಿಸುವವರಿದ್ದಾರೆ. ಬೆಂಗಳೂರಿಗೋ ಹುಬ್ಬಳ್ಳಿಗೋ ಫೋನ್ ಮಾಡಿ ಸಂಖ್ಯೆ ಹೇಳಿದರೆ, ನಿಮ್ಮ ವೈದ್ಯರು ಯಾವ ಹಲ್ಲಿನ ಮಾತೆಂದು ಕನ್ನಡದಲ್ಲೇ ಬಿಡಿಸಿ ಹೇಳುತ್ತಾರೆ.

ಇಲ್ಲಿ ಹತ್ತಾರು ವರ್ಷ ಕಳೆದು ಜರ್ಮನ್ ಚೆನ್ನಾಗಿ ಬಲ್ಲ ಹಿರಿಯರೇ, ನಿಮ್ಮಲ್ಲೂ ಒಂದು ಮಾತು. ನಿಮ್ಮ ಊರಿಗೆ ಹೊಸ ಕುಟುಂಬ ಬಂದರೆ ಹಬ್ಬದೂಟಕ್ಕೆ ಕರೆಯುತ್ತೀರಿ, ಸಂತೋಷ. ಅವರ ಮಗುವಿನ ಹಲ್ಲು ನೋವಿಗೂ ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ಜೊತೆಗೆ ಹೋಗಿ ಬನ್ನಿ.