ಕಸುಬು ಮತ್ತು ಕಥೆ

ಬೆಂಗಳೂರಿನ ಹನುಮಂತನಗರಕ್ಕೆ ಹೊಂದಿಕೊಂಡಂತೆ ಗವಿಪುರವಿದೆ. ‘ಶ್ರೀನಿವಾಸ’ ಎಂಬ ಕಾವ್ಯನಾಮದ ಮಾಸ್ತಿ ವೆಂಕಟೇಶ ಅಯ್ಯಂಗಾರರು (1891–1986) ಬಾಳಿದ ಮನೆ ಅಲ್ಲಿಯೇ ಇದೆ. ಮೈಸೂರು ಸಂಸ್ಥಾನದ ಸಿವಿಲ್ ಸೇವೆಯಲ್ಲಿ ಸುಮಾರು ಮೂರು ದಶಕ ದುಡಿದ ಅವರು, 1940ರ ದಶಕದಲ್ಲಿ, ತಮಗೆ ಸಲ್ಲಬೇಕೆಂದು ನಂಬಿದ್ದ ಉನ್ನತ ಪದವಿಯು ಕಿರಿಯರೊಬ್ಬರಿಗೆ ಸಂದಾಗ, ರಾಜೀನಾಮೆಯಿತ್ತು ಹೊರಬಂದರು. ಇಂತಹ ಅನುಭವವುಳ್ಳ ಲೇಖಕನು ಅದನ್ನು ಕಥೆಯಲ್ಲಿ ಹೇಗೆ ಬಳಸಬೇಕು?

ಬಳಸಲೇಬಾರದು ಎಂಬುದು ಸರಿಯಲ್ಲ. ನಮ್ಮ ಎಷ್ಟೋ ಕಾದಂಬರಿಗಳ ನಾಯಕರು ಒಂದು ವಾಕ್ಯದಲ್ಲಿ ಕಚೇರಿಗೆ ಹೋಗಿ, ಮರುವಾಕ್ಯದಲ್ಲಿ ಸಂಜೆ ಮನೆಗೆ ಮರಳುತ್ತಾರೆ. ನಡುವೆ ಅವರು ಮಾಡಿದ್ದೇನೆಂಬುದು ಲೇಖಕರಿಗೂ ತಿಳಿದಿರುವುದಿಲ್ಲ! ಯಶವಂತ ಚಿತ್ತಾಲರ (1928–2014) ‘ಶಿಕಾರಿ’ಯಲ್ಲಿ (1979) ಹಾಗಾಗುವುದಿಲ್ಲ. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿದ ಚಿತ್ತಾಲರು ರಾಸಾಯನಿಕ ತಂತ್ರಜ್ಞಾನವನ್ನು ಕಲಿತು, ಮುಂಬಯಿಯ ಪ್ಲಾಸ್ಟಿಕ್ ಉದ್ಯಮದಲ್ಲಿ ಅಧಿಕಾರಿಯಾಗಿದ್ದವರು. ಅವರ ನಾಗಪ್ಪನೂ ಮುಂಬಯಿಯ ರಾಸಾಯನಿಕ ಕಂಪನಿಯೊಂದರ ಅಧಿಕಾರಿ. ಕೆಲಸದಿಂದ ದೂರವಿರಿಸಲ್ಪಟ್ಟು ವಿಚಾರಣೆಗೆ ಗುರಿಯಾದ ಅವನ ಭಯ ಓದುಗನನ್ನು ತಟ್ಟುವುದು, ಅಂತಹ ಕಂಪನಿಯ ಅಂತರಂಗವನ್ನು ಲೇಖಕರು ಬಲ್ಲವರಾದ್ದರಿಂದ.

ಆದರೆ ಈ ಹತ್ತಿರದಲ್ಲಿ ಒಂದು ಅಪಾಯವೂ ಅಡಗಿದೆ. ತನ್ನನ್ನು ನೋಯಿಸಿದ ಮೇಲಧಿಕಾರಿಗೆ ಬೇರೆ ಹೆಸರಿಟ್ಟು, ಕಥೆಯಲ್ಲಿ ದುಷ್ಟನನ್ನಾಗಿ ನಿಲ್ಲಿಸುವುದು ಬಹು ಸುಲಭ. ಎದುರುತ್ತರ ಕೊಡಲಾಗದವನ ಮೇಲೆ ತೀರಿಸಿಕೊಂಡ ಹಗೆ ಅದು; ಅದನ್ನು ಕಲೆಯೆನ್ನಲಾಗದು.

ಮಾಸ್ತಿಯವರು ಹಿಡಿದದ್ದು ಬೇರೆ ದಾರಿ. ಮನನೊಂದ ಅಧಿಕಾರಿಯೊಬ್ಬನ ಕಥೆಯನ್ನು ನೇರವಾಗಿ ಹೇಳದೆ, ಅವರು 1834ರಲ್ಲಿ ಇಂಗ್ಲಿಷರ ವಶವಾದ ಕೊಡಗಿಗೆ ಹೋದರು. 1956ರ ‘ಚಿಕವೀರ ರಾಜೇಂದ್ರ’ದಲ್ಲಿ ಬೋಪಣ್ಣ, ಲಕ್ಷ್ಮೀನಾರಾಯಣಯ್ಯ ಮೊದಲಾದ ಮಂತ್ರಿಗಳಿದ್ದಾರೆ, ಮಾತು ಕೇಳದ ದೊರೆಯಿದ್ದಾನೆ, ಆ ದೊರೆಯ ಮೆಚ್ಚಿನವನಾಗಿ ಮಂತ್ರಿಪದವಿಗೇರಿದ ಕುಂಟ ಬಸವನೂ ಇದ್ದಾನೆ. ಯಾವ ಮಾತನ್ನು ಯಾವಾಗ ಆಡಬೇಕು, ಆಜ್ಞೆಯನ್ನು ಎಲ್ಲಿಯವರೆಗೆ ಪಾಲಿಸಬೇಕು, ಪ್ರಜೆಗಳ ಹಿತವೋ ದೊರೆಯ ಋಣವೋ ಎಂದು ಈ ಮಂತ್ರಿಗಳು ತೂಗಿ ನೋಡುವ ಬಗೆಯಲ್ಲಿ ಆಡಳಿತವನ್ನು ಒಳಗಿನಿಂದ ಕಂಡವರ ಅರಿವು ಎದ್ದು ಕಾಣುತ್ತದೆ. ಅವರ ಸ್ವಂತ ನೋವಿನ ನೆರಳು ಇಲ್ಲಿ ಬಿದ್ದಿರಬಹುದೆಂದು ಊಹಿಸಿದರೆ ತಪ್ಪಾಗಲಾರದು; ಊಹೆ ಮಾತ್ರ ಅದು. ಹಾಗಿದ್ದಲ್ಲಿ, ಯೋಗ್ಯರನ್ನು ಹಿಂದಿಕ್ಕಿ ಮೇಲೇರಿದ ಬಸವನ ಮೇಲೆ ಲೇಖಕರು ತಮ್ಮ ಸಿಟ್ಟನ್ನೆಲ್ಲ ಸುರಿಯಬಹುದಾಗಿತ್ತು. ಬಸವನ ಕೆಡುಕನ್ನು ಅವರು ಮುಚ್ಚಿಡುವುದಿಲ್ಲ. ಆದರೆ ಆ ದೊರೆಯ ಮೇಲೆ ಅವನಿಗಿರುವ ನಿಷ್ಠೆಯನ್ನು ಅವನಿಂದ ಕಸಿದುಕೊಳ್ಳುವುದೂ ಇಲ್ಲ.