ಮುಹೂರ್ತಕ್ಕೆ ಮೊದಲೇ ಮಾತಾಗಲಿ

ಮದುವೆಯ ಫೋಟೊಗ್ರಾಫರ್ ಜೊತೆ ದರಕ್ಕಾಗಿ ಚೌಕಾಸಿ ಮಾಡುವಷ್ಟು ಹೊತ್ತು ನಾವು ಶಾಸ್ತ್ರಗಳ ಬಗ್ಗೆ ಮಾತಾಡುವುದಿಲ್ಲ. ಅಂತರಪಟ ಸರಿದು ಜೀರಿಗೆ-ಬೆಲ್ಲ ತಲೆಯ ಮೇಲೆ ಬೀಳುವುದು ಕ್ಷಣಮಾತ್ರ. ಆಗ ನೆಂಟರೆಲ್ಲ ಮೊಬೈಲ್ ಹಿಡಿದು ನುಗ್ಗಿದರೆ ಆಲ್ಬಮ್ಮಿನಲ್ಲಿ ಉಳಿಯುವುದು ಅವರ ಬೆನ್ನು. ಇಲ್ಲವೇ ‘ಇನ್ನೊಮ್ಮೆ ತಾಳಿ ಹಿಡ್ಕೊಳ್ಳಿ ಸಾರ್’ ಎಂಬ ನಟನೆ. ಕ್ರಮವೂ ಮನೆಯಿಂದ ಮನೆಗೆ ಬೇರೆ. ಕೊಡವರ ಸಾಂಪ್ರದಾಯಿಕ ಮದುವೆಯಲ್ಲಿ ಪುರೋಹಿತರೇ ಇಲ್ಲ, ಹಿರಿಯರ ಹರಕೆಯೇ ಮುಖ್ಯ. ಧಾರೆಯನ್ನಷ್ಟೇ ಬಲ್ಲವರಿಗೆ ಅಲ್ಲಿ ಯಾವಾಗ ಕ್ಯಾಮೆರಾ ಎತ್ತಬೇಕೆಂದೇ ಹೊಳೆಯದು. ಆದ್ದರಿಂದ ಶಾಸ್ತ್ರಗಳ ಪಟ್ಟಿ ಮೊದಲೇ ಕೊಡಿ, ಹಿರಿಯರನ್ನು ಗುರುತಿಸಿ ಹೇಳಲು ಮನೆಯವರೊಬ್ಬರನ್ನು ಜೊತೆಗೆ ಬಿಡಿ, ಕರಾರನ್ನೂ ಬರಹದಲ್ಲಿ ಮಾಡಿಕೊಳ್ಳಿ.

ಪಟ್ಟಿ ಕೊಟ್ಟರೆ ಕಲಾವಿದರ ಕೈ ಕಟ್ಟಿದಂತೆ ಎನ್ನುವವರಿದ್ದಾರೆ. ಆದರೆ ತಪ್ಪಬಾರದ ಕೆಲವು ಗಳಿಗೆಗಳು ಗೊತ್ತಿದ್ದರೆ, ಉಳಿದ ಹೊತ್ತೆಲ್ಲ ಅವರು ನಿರಾಳವಾಗಿ ತಮ್ಮ ಕಣ್ಣಿಗೆ ಕಂಡದ್ದನ್ನು ತೆಗೆಯಬಹುದು. ನಂಬಿಕೆ ಇರುವಾಗ ಕರಾರುಪತ್ರ ಏಕೆ ಎಂಬುದು ಇನ್ನೊಂದು ಆಕ್ಷೇಪ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕು ತೆಗೆಸಿದವರದೇ; ಬೇರೆ ಒಪ್ಪಂದವಿದ್ದರೆ ಮಾತ್ರ ಅದು ಬದಲಾಗುತ್ತದೆ. ಕರಾರನ್ನು ಓದದೆ ಸಹಿ ಹಾಕಿದರೆ ಆ ಹಕ್ಕು ಕೈತಪ್ಪಬಹುದು. ವಧುವಿನ ಚಿತ್ರ ಸ್ಟುಡಿಯೊದ ಇನ್‌ಸ್ಟಾಗ್ರಾಂನಲ್ಲಿ ಬರಬಹುದೇ, ಆಲ್ಬಮ್ ಎಂದು ಕೈಸೇರುತ್ತದೆ, ಬಾಕಿ ಹಣ ಯಾವಾಗ ಎಂಬುದೆಲ್ಲ ಬರಹದಲ್ಲಿದ್ದರೆ ಫೋಟೊಗ್ರಾಫರಿಗೂ ರಕ್ಷಣೆ. ಅಡುಗೆಯವರಿಗೆ ಸಾಮಾನಿನ ಚೀಟಿ ಬರೆದುಕೊಡುವ ಮನೆ, ಇದಕ್ಕೂ ಒಂದು ಹಾಳೆ ಖರ್ಚು ಮಾಡಲಿ.