ಬಾವಿಯ ತಳ ನೋಡಿದವರು ಯಾರು?



1972ರಲ್ಲಿ ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಶುರುವಾಯಿತು. ಹೆಸರು ಆಚೆ ದಂಡೆಯ ಊರಿನದು, ಕೊಳೆ ಈಚೆ ದಂಡೆಯದು. ನೀಲಗಿರಿ, ಬಿದಿರು ಬೇಯಿಸಿ, ಕ್ಲೋರಿನ್ನಿನಿಂದ ಬಿಳಿ ಮಾಡಿ ರೇಯಾನಿಗೆ ತಿರುಳು ತೆಗೆಯುವ ಕೆಲಸ. ಬಟ್ಟೆ ಬೆಳ್ಳಗಾಯಿತು, ತುಂಗಭದ್ರೆ ಕಂದು ಬಣ್ಣಕ್ಕೆ ತಿರುಗಿದಳು. ಎಂಬತ್ತರ ದಶಕದಲ್ಲಿ ಮೀನು ಸತ್ತು ತೇಲಿದವು. ನಲವಾಗಲ, ಐರಣಿಯಂಥ ಕೆಳಗಿನ ಊರುಗಳ ಜನ ಬಾಯಿಬಿಟ್ಟರು. ಸಮಾಜ ಪರಿವರ್ತನ ಸಮುದಾಯದವರು ಬೀದಿಗಿಳಿದರು, ಕೋರ್ಟಿಗೂ ಹೋದರು. ಆ ತಿರುಳಿಗೆ ಬೇಕಾದ ನೀಲಗಿರಿಯನ್ನು ಬಡವರ ದನ ಮೇಯುವ ಗೋಮಾಳದಲ್ಲಿ ನೆಟ್ಟಾಗ, 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ 'ಕಿತ್ತಿಕೋ-ಹಚ್ಚಿಕೋ' ಅಂತ ಸಸಿ ಕಿತ್ತರು.

ಇದೆಲ್ಲಾ ನದಿಯ ಮಾತಾಯ್ತು. ನದಿ ಕೆಟ್ಟರೆ ಕಣ್ಣಿಗೆ ಕಾಣತೈತಿ, ಮೂಗಿಗೆ ಹೊಡಿತೈತಿ. ನೆಲದೊಳಗಿನ ನೀರು ಹಂಗಲ್ಲ. ನಮ್ಮ ಜಿಲ್ಲೆಯ ಅಡಿಪಾಯ ಗಟ್ಟಿಕಲ್ಲು. ನೀರು ಬಿರುಕು ಹಿಡಿದು ಹರಿಯುತ್ತದೆ. ವಿಷವೂ ಅದೇ ಹಾದಿ ಹಿಡಿಯುತ್ತದೆ. ಒಂದು ಬೋರು ಚಲೋ ಇದ್ದರೆ ಪಕ್ಕದ್ದೂ ಚಲೋ ಅನ್ನುವ ಹಾಗಿಲ್ಲ. ಸಾಹೇಬರು ಗೌಡರ ತೋಟದ ಬೋರಿನಿಂದ ಒಂದು ಬಾಟ್ಲಿ ತುಂಬಿಕೊಂಡು ಹೋಗಿ 'ನೀರು ಸರಿ ಐತಿ' ಅಂದರೆ ನಮ್ಮ ಕೇರಿಯ ಬಾವಿ ಸರಿ ಆದಂಗಾಯ್ತೇನು? ತಾಣದ ಮೇಲ್ಗಡೆ, ಕೆಳಗಡೆ ಎರಡೂ ಕಡೆ ಪರೀಕ್ಷೆಯ ಬೋರು ಹಾಕಬೇಕು. ಬ್ಯಾಸಗಿಯಲ್ಲೂ ಮಳೆಗಾಲ ಮುಗಿದ ಮೇಲೂ ನೀರು ತೆಗೆಯಬೇಕು. ಮಣ್ಣನ್ನೂ ಅಗೆದು ನೋಡಬೇಕು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ನಮ್ಮ ಅವ್ವಂದಿರು 'ಕಾರ್ಖಾನಿ ಮಾತು ನಮಗ್ಯಾಕಪ್ಪಾ' ಅನ್ನಬಹುದು. ಅವ್ವಾ, ಹೊಲಕ್ಕೆ ಎಣ್ಣಿ ಹೊಡೆದ ಮೇಲೆ ಡಬ್ಬಿ ಎಲ್ಲಿ ತೊಳಿತಾರ? ಹಳ್ಳದಾಗ, ಬಾವಿ ದಂಡ್ಯಾಗ. ಎಣ್ಣಿ ಹೊಡೆಯೋ ಕೂಲಿ ಯಾರು? ನಿನ್ನ ಮಗ.

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ತಾಣಗಳ ನಿರ್ವಹಣೆಗೆಂದೇ ನಿಯಮ ತಂದಿದೆ. ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಸಂಶಯದ ತಾಣಗಳ ವರದಿ ಕೊಡಬೇಕು. ರಾಜ್ಯದ ಮಾಲಿನ್ಯ ಮಂಡಳಿ 90 ದಿನದಲ್ಲಿ ಮೊದಲ ಪರೀಕ್ಷೆ ಮುಗಿಸಬೇಕು. ಕೆಡಿಸಿದವನೇ ಖರ್ಚು ಕೊಡಬೇಕು. ಕಾಗದದ ಮೇಲೆ ಬಹಳ ಚಂದ. ಆದರೆ ನಿಯಮ ಬಂದಾಗ ದೇಶದಲ್ಲಿ ಗುರುತಿಸಿದ್ದ ಇಂಥ ತಾಣ 103, ಶುದ್ಧಿಯ ಕೆಲಸ ಶುರುವಾಗಿದ್ದದ್ದು 7ರಲ್ಲಿ ಮಾತ್ರ. ಭೋಪಾಲ ನೋಡಿ. 1984ರ ಡಿಸೆಂಬರಿನಲ್ಲಿ ಜನ ಸತ್ತರು. ಕಾರ್ಖಾನೆಯ ಆವರಣದಲ್ಲಿ ಬಿದ್ದಿದ್ದ 337 ಟನ್ ವಿಷದ ಕಸ ಹೊರಗೆ ಹೋಗಲು 2025ರ ಜನವರಿ ಬರಬೇಕಾಯಿತು. ಅದೂ ಪೀಥಂಪುರಕ್ಕೆ, ಇನ್ನೊಬ್ಬ ಬಡವರ ಬಾಗಿಲಿಗೆ! ಮಣ್ಣಿಗಿಳಿದದ್ದು, ಬಾವಿಗಿಳಿದದ್ದು ಭೋಪಾಲದಲ್ಲೇ ಉಳಿಯಿತು.

1927ರಲ್ಲಿ ಮಹಾಡದ ಕೆರೆಯ ನೀರನ್ನು ಬಾಬಾಸಾಹೇಬರು ಬೊಗಸೆಯಲ್ಲಿ ಎತ್ತಿದರು. ಊರ ಬಾವಿ ಮುಟ್ಟಬ್ಯಾಡ ಅಂದವರು ಈಗ ಮನೆಯೊಳಗೆ ಫಿಲ್ಟರ್ ಇಟ್ಟುಕೊಂಡಾರ. ಬಾವಿ ನಮಗೆ ಬಿಟ್ಟಾರ. ಎಂಥಾ ಔದಾರ್ಯ!

ಇನ್ನೊಂದು ಮಾತು ಕೇಳಲೇಬೇಕು. ನಾಳೆ ಶುದ್ಧಿಯ ಕೆಲಸ ಶುರುವಾದರೆ ಆ ವಿಷದ ರಾಡಿ ಎತ್ತುವವರು ಯಾರು? ಗುತ್ತಿಗೆದಾರ ಟೆಂಡರ್ ಹಿಡಿತಾನ, ಸಲಿಕೆ ಹಿಡಿದು ಇಳಿಯೋದು ನಮ್ಮ ಹುಡುಗರು. ಕೈಗೆ ಗವಸಿಲ್ಲ, ಮೂಗಿಗೆ ಬಟ್ಟೆ ಅಷ್ಟ. ಮಲದ ಗುಂಡಿಗೆ ಮನುಷ್ಯನನ್ನು ಇಳಿಸಬಾರದು ಅಂತ 2013ರಲ್ಲಿ ಕಾನೂನು ಬಂದಮೇಲೂ ಇಳಿಸಿದವರು ಇವರೇ. ಶುದ್ಧಿ ಬೇಕು, ಯಂತ್ರದಿಂದ ಆಗಬೇಕು, ನಮ್ಮ ಶ್ವಾಸದಿಂದ ಅಲ್ಲ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲೂಕಿನ ಗೆಳೆಯರು ಮುಂದಿನ ಗ್ರಾಮಸಭೆಗೆ ಬರಿಗೈಲಿ ಹೋಗಬಾರದು. ಕೇರಿಯ ಪ್ರತಿ ಬಾವಿ, ಬೋರು, ರಾಡಿ ಸುರಿದ ಗುಂಡಿ ಬರಕೊಂಡು ಹೋಗಿರಿ. ನೀರಿನ ಬಣ್ಣ, ವಾಸನೆ ಯಾವ ವರ್ಷ ಕೆಟ್ಟಿತು ಅನ್ನೋದನ್ನು ಮುದುಕರನ್ನು ಕೇಳಿ ಬರೀರಿ. ಠರಾವು ಮಾಡಿಸಿ ಜಿಲ್ಲಾಧಿಕಾರಿಗೆ ಕಳಿಸಿ, ಸ್ವೀಕೃತಿ ತಗೊಳ್ರಿ. ಮಂಡಳಿಯವರು ನೀರು ತೆಗೆಯುವಾಗ ನಮ್ಮವರು ಎದುರಿಗೆ ನಿಲ್ಲಬೇಕು, ವರದಿ ಕನ್ನಡದಲ್ಲಿ ಪಂಚಾಯ್ತಿ ಗೋಡೆಗೆ ಹಚ್ಚಬೇಕು. ಅಲ್ಲೀತನಕ ಕೇರಿಗೆ ಬೇರೆ ಕಡೆಯಿಂದ ಒಳ್ಳೇ ನೀರಿನ ಟ್ಯಾಂಕರು ಬರಲಿ.